ಮುರ್ರೆಲ್ ಗುರುತಿಸಲು ಮೊದಲು ರೆಕ್ಕೆ ಬಿಡಿಸಿ

ಮುರ್ರೆಲ್, ಅಂದರೆ ಹಾವಿನಂಥ ತಲೆಯ ಸಿಹಿನೀರಿನ ಮೀನಿನ ಫೋಟೋ ಕಳಿಸಿ 'ಇದು ಯಾವ ಜಾತಿ ಸರ್?' ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ. ಬೆನ್ನಿನ ರೆಕ್ಕೆ ಬಿಡಿಸಿದ ಫೋಟೋ ಇದೆಯಾ? ಹೆಚ್ಚಿನವರು ಮೈಬಣ್ಣ ನೋಡಿ ಅಷ್ಟರಲ್ಲೇ ಹೆಸರಿಟ್ಟಿರುತ್ತಾರೆ. ಈ ಮೀನುಗಳ ಬಣ್ಣ ನಂಬುವ ಹಾಗಿಲ್ಲ. ಕೆಸರು ನೀರಿನಲ್ಲಿ ಒಂದು ಥರ, ತಿಳಿನೀರಿನಲ್ಲಿ ಇನ್ನೊಂದು ಥರ, ಸತ್ತು ಸ್ವಲ್ಪ ಹೊತ್ತಾದರೆ ಮತ್ತೊಂದು ಥರ. ಚನ್ನಾ ಮೈಕ್ರೊಪೆಲ್ಟೆಸ್ ಅನ್ನುವ ಜಾತಿಯ ಮರಿಯನ್ನೇ ನೋಡಿ (ಚನ್ನಾ ಅನ್ನುವುದು ಮುರ್ರೆಲ್‌ಗಳ ವೈಜ್ಞಾನಿಕ ಹೆಸರಿನ ಮೊದಲ ಭಾಗ), ಕೆಂಪು ಮೈಯಲ್ಲಿ ಎರಡು ಕಪ್ಪು ಪಟ್ಟೆ ಎದ್ದು ಕಾಣುತ್ತವೆ. ಬೆಳೆದ ಮೇಲೆ ಆ ಕೆಂಪೇ ಇರುವುದಿಲ್ಲ.

ಜಾಸ್ತಿ ಗೊಂದಲ ಚನ್ನಾ ಸ್ಟ್ರಯಾಟಾ ಮತ್ತು ಚನ್ನಾ ಪಂಕ್ಟಾಟಾ ನಡುವೆ. ಎರಡಕ್ಕೂ ಪಕ್ಕದಲ್ಲಿ ಓರೆ ಪಟ್ಟೆಗಳು ಬರುತ್ತವೆ. ಪಂಕ್ಟಾಟಾ ಒಂದಡಿ ದಾಟುವುದು ಅಪರೂಪ, ಹಾಗಾಗಿ ಎರಡಡಿ ಮೀನು ಕೈಗೆ ಬಂದರೆ ಆ ಅನುಮಾನವೇ ಬೇಡ. ತಲೆನೋವು ಇರುವುದು ಗೇಣುದ್ದದ ಮೀನಿನಲ್ಲಿ. ಆಗ ಬೆನ್ನಿನ ರೆಕ್ಕೆಯನ್ನು ಬೆರಳಿಂದ ಎತ್ತಿ, ಹಿಂದಿನಿಂದ ಬೆಳಕು ಬೀಳುವ ಹಾಗೆ ಹಿಡಿಯಿರಿ, ಒಳಗಿನ ಕಡ್ಡಿಗಳು ಒಂದೊಂದಾಗಿ ಗೆರೆ ಎಳೆದ ಹಾಗೆ ಕಾಣುತ್ತವೆ. ತುದಿಯಲ್ಲಿ ಕವಲೊಡೆದಿರುತ್ತವೆ, ಅದಕ್ಕೇ ಬುಡದಲ್ಲೇ ಎಣಿಸಬೇಕು. ಪಂಕ್ಟಾಟಾ ಆದರೆ 28ರಿಂದ 33, ಸ್ಟ್ರಯಾಟಾ ಆದರೆ ಸಾಮಾನ್ಯವಾಗಿ 38ರಿಂದ 43. ನಡುವೆ ಇಷ್ಟು ಅಂತರ ಇರುವಾಗ ಒಂದೆರಡು ಕಡ್ಡಿ ತಪ್ಪಿದರೂ ಚಿಂತೆಯಿಲ್ಲ.

ಇನ್ನೂ ಅನುಮಾನವಿದ್ದರೆ ಲೋಳೆಯನ್ನು ಬಟ್ಟೆಯಲ್ಲಿ ಒರೆಸಿ, ಪಕ್ಕದಲ್ಲಿ ಸಣ್ಣ ತೂತಿರುವ ಹುರುಪೆಗಳ ಸಾಲು ಹುಡುಕಿ. ಅದೇ ಪಾರ್ಶ್ವರೇಖೆ. ಸೂಜಿ ಮೊನೆಯಿಂದ ಮುಟ್ಟುತ್ತಾ ಬಾಲದ ಬುಡದವರೆಗೆ ಎಣಿಸಿ. ಮಧ್ಯದಲ್ಲಿ ಸಾಲು ತಟಕ್ಕನೆ ಕೆಳಗಿಳಿಯುತ್ತದೆ, ಹೊಸಬರು ಅಲ್ಲೇ ಲೆಕ್ಕ ತಪ್ಪುವುದು. ಪಂಕ್ಟಾಟಾದಲ್ಲಿ ಸುಮಾರು 40, ಸ್ಟ್ರಯಾಟಾದಲ್ಲಿ 50ಕ್ಕೂ ಮೇಲೆ.

ಚನ್ನಾ ಗಚುವಾದಲ್ಲಿ ಮಾತ್ರ ಎಣಿಕೆ ಕೈಕೊಡುತ್ತದೆ, ಯಾಕಂದ್ರೆ ಅದರ ಕಡ್ಡಿ 32ರಿಂದ 37, ಅಂದರೆ ಪಂಕ್ಟಾಟಾದ ಲೆಕ್ಕಕ್ಕೆ ತಾಗಿಕೊಂಡೇ ಇದೆ. ಅಲ್ಲಿ ಹೊಟ್ಟೆಯ ರೆಕ್ಕೆ ನೋಡಿ. ಗಚುವಾದ್ದು ಎದೆಯ ರೆಕ್ಕೆಯ ಅರ್ಧಕ್ಕಿಂತ ಗಿಡ್ಡ, ಪಂಕ್ಟಾಟಾದ್ದು ಮುಕ್ಕಾಲಿನಷ್ಟು ಉದ್ದ. ಗಚುವಾದ ಎದೆಯ ರೆಕ್ಕೆಯಲ್ಲಿ ಬಿಲ್ಲಿನಂಥ ಪಟ್ಟೆಗಳೂ ಇರುತ್ತವೆ. ಹೊಟ್ಟೆಯ ರೆಕ್ಕೆಯೇ ಇಲ್ಲದಿದ್ದರೆ? ಶ್ರೀಲಂಕಾದ್ದಾದರೆ ಅದು ಚನ್ನಾ ಓರಿಯೆಂಟಾಲಿಸ್.

ಚನ್ನಾ ಮರೂಲಿಯಸ್ ಸುಲಭ ಅಂತ ಎಲ್ಲರೂ ಅಂದುಕೊಂಡಿದ್ದೆವು. ಬಾಲದ ಬುಡದಲ್ಲಿ ಅಂಚಿರುವ ಕಪ್ಪು ಕಣ್ಣುಬೊಟ್ಟು, ಬೆನ್ನಿನಲ್ಲಿ 45ಕ್ಕೂ ಹೆಚ್ಚು ಕಡ್ಡಿ, ಮುಗೀತು ಅಲ್ವಾ? ಆದರೆ 2017ರಲ್ಲಿ ಪಶ್ಚಿಮ ಘಟ್ಟದ ಕಡೆಯದ್ದನ್ನು ಸಂಶೋಧಕರು ಚನ್ನಾ ಸೂಡೊಮರೂಲಿಯಸ್ ಅಂತ ಬೇರೆ ಜಾತಿ ಮಾಡಿದರು, 2018ರಲ್ಲಿ ಚನ್ನಾ ಆರೊಲಿನಿಯಾಟಾ ಕೂಡ ಬೇರೆಯೇ ಅಂತಾಯ್ತು. ಅಮೆರಿಕದ ಫ್ಲೋರಿಡಾದ ಕಾಲುವೆಗಳಲ್ಲಿ ಮರೂಲಿಯಸ್ ಅಂತ ಕರೆಯುತ್ತಿದ್ದ ಮೀನು ಈ ಆರೊಲಿನಿಯಾಟಾ. ಈ ಗುಂಪಿನಲ್ಲಿ ಸುಮ್ನೆ ಫೋಟೋ ನೋಡಿ ನಾನು ಹೆಸರು ಹೇಳುವುದಿಲ್ಲ. ರೆಕ್ಕೆಯ ಒಂದು ಚೂರನ್ನು ಡಿಎನ್‌ಎ ಪರೀಕ್ಷೆಗೆ ಆಲ್ಕೋಹಾಲ್‌ನಲ್ಲಿ ಹಾಕಿಡಿ, ಯಾವ ಹೊಳೆಯಲ್ಲಿ ಸಿಕ್ಕಿತು ಅಂತ ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನೂ ಅದರ ಜೊತೆಗೇ ಹಾಕಿ. ಪೆನ್ನಿನಲ್ಲಿ ಬರೆದರೆ ಶಾಯಿ ಕರಗಿಹೋಗುತ್ತದೆ.