ಶಾಲೆ ತೆರೆದರಷ್ಟೇ ಸಾಕಿತ್ತೇ?

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರಿದೆ. ಅಲ್ಲಿ ನಾಟಕ, ಸಭೆ ಅಂತ ಹೋಗಿಬರುವ ಎಷ್ಟೋ ಜನಕ್ಕೆ ಅವರು ಮಾಡಿದ ಕೆಲಸ ಗೊತ್ತಿಲ್ಲ. ದಿಕ್ಕಿಲ್ಲದವರಿಗೆ ಸೇವೆ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಅವರಿಂದಲೇ ಶುರು ಮಾಡುತ್ತೇನೆ.

ರಂಗರಾವ್ ವಕೀಲರು, ಸಾರಸ್ವತ ಬ್ರಾಹ್ಮಣರು. 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಜಾತಿಯವರು ಬಹಿಷ್ಕಾರ ಹಾಕಿದರು. ಅದನ್ನೂ ತಡೆದುಕೊಂಡರು. ಆದರೆ ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಮಕ್ಕಳು ಬರಬೇಕಲ್ವಾ? ಧಣಿಯ ಮನೆಯ ಕೆಲಸಕ್ಕೆ ಹೋದರೆ ಒಂದು ಹೊತ್ತಿನ ಗಂಜಿಯಾದರೂ ಸಿಗುತ್ತಿತ್ತು. ಶಾಲೆಗೆ ಬಂದರೆ ಅದೂ ಇಲ್ಲ. ಹಾಗಾಗಿ ರಂಗರಾವ್ ಮಧ್ಯಾಹ್ನ ಊಟ ಹಾಕಿಸಿದರು. ಬಂದ ಮಕ್ಕಳ ಕೈಗೆ ಚಿಲ್ಲರೆ ಕಾಸೂ ಕೊಟ್ಟರು. ನಮ್ಮ ಸರ್ಕಾರಿ ಶಾಲೆಗಳ ಬಿಸಿಯೂಟಕ್ಕಿಂತ ನೂರು ವರ್ಷ ಹಿಂದಿನ ಮಾತಿದು! ಅಡ್ಡಿ ಎಲ್ಲಿದೆ ಎಂದು ಹುಡುಕಿ ಅದನ್ನೇ ತೆಗೆಯುವುದು: ನನ್ನ ಮಟ್ಟಿಗೆ ಸೇವೆ ಅಂದರೆ ಇದೇ.

1897ರಲ್ಲಿ ಅವರು ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಹಾಸ್ಟೆಲ್, ನೇಯ್ಗೆ ತರಬೇತಿ, ಮನೆ ಕಟ್ಟಿಕೊಳ್ಳಲು ಜಾಗ ಒಂದೊಂದಾಗಿ ಸೇರಿಕೊಂಡವು.

ಸಂವಿಧಾನ ಬಂದ ಮೇಲೆ ಅಸ್ಪೃಶ್ಯತೆ ಅಪರಾಧವಾಯಿತು. ಮೀಸಲಾತಿ, ಸ್ಕಾಲರ್‌ಶಿಪ್, ಸರ್ಕಾರಿ ಹಾಸ್ಟೆಲ್ ಬಂದವು. ಕನಿಕರದಿಂದ ಸಿಗುತ್ತಿದ್ದದ್ದು ಹಕ್ಕಾಯಿತು. ಆದರೂ ನಮ್ಮ ಕರಾವಳಿಯ ಕೊರಗ ಬುಡಕಟ್ಟಿನವರನ್ನು ಅಜಲು ಎಂಬ ಅನಿಷ್ಟ ಪದ್ಧತಿ ಬಿಡಲಿಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿದರೆ ತಮ್ಮ ಮನೆಯ ಕೆಡುಕು ಕಳೆಯುತ್ತದೆ ಎಂದು ಜನ ನಂಬಿದ್ದರು. ಬರೆಯುವಾಗಲೂ ಸಂಕಟವಾಗುತ್ತದೆ. ಇದನ್ನು ತಡೆಯಲು 2000ದಲ್ಲಿ ಬೇರೆಯೇ ಕಾನೂನು ಮಾಡಬೇಕಾಯಿತು.

ಕೊರಗರು ಸುಮ್ನೆ ಕಾಯುತ್ತಾ ಕೂತಿರಲಿಲ್ಲ. ಭೂಮಿ ಕೊಡಿ ಎಂದು 1993ರಲ್ಲಿ ಮಂಗಳೂರಿನ ಬೀದಿಗಿಳಿದರು. ಆ ಬಳಿಕ ಕೊರಗರ ಸ್ಥಿತಿಗತಿಯ ಬಗ್ಗೆ ಬಂದ ಮಹಮ್ಮದ್ ಪೀರ್ ವರದಿ, ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕು ಎಂದಿತು. ರಂಗರಾವ್ ಕಾಲದಲ್ಲಿ ಅಡ್ಡಿ ಯಾವುದೆಂದು ಹೊರಗಿನವರೊಬ್ಬರು ಕಂಡುಕೊಂಡಿದ್ದರು. ಈಗ ನೊಂದವರೇ ಬಾಯಿಬಿಟ್ಟು ಹೇಳಿದ್ದಾರೆ. ಕಾಡಿನ ಬೀಳಲು ತಂದು ಬುಟ್ಟಿ ಹೆಣೆಯುವವರಿಗೆ ಪ್ಲಾಸ್ಟಿಕ್ ಬಂದ ಮೇಲೆ ಸಂಪಾದನೆ ಕಡಿಮೆಯಾಗಿದೆ. ಸರ್ಕಾರ ಕೊಡುವ ಪೌಷ್ಟಿಕ ಆಹಾರದ ಕಿಟ್ ಬೇಕು ನಿಜ, ಆದರೆ ಅದರಿಂದ ತಿಂಗಳು ದೂಡಬಹುದು ಅಷ್ಟೇ. ಸ್ವಂತ ನೆಲವಿದ್ದರೆ ಮಕ್ಕಳ ಕಾಲಕ್ಕೂ ಆಸರೆ. ಆ ಹೋರಾಟದ ನೆನಪಿಗೆ ಪ್ರತಿ ಆಗಸ್ಟ್ 18ಕ್ಕೆ ಕೊರಗರು ಭೂಮಿ ಹಬ್ಬ ಆಚರಿಸುತ್ತಾರೆ. ಆ ಎರಡೂವರೆ ಎಕರೆ ಇನ್ನೂ ಎಲ್ಲರ ಕೈಸೇರಿಲ್ಲ.