ನಾಯಕರ ಗೆಳೆತನ ಬರೆಯುವ ಮುಂಚೆ ಸಾಲದ ಲೆಕ್ಕ ತೆಗೆಯಿರಿ

ಬೇರೆಯವರ ಸ್ಕ್ರಿಪ್ಟ್ ಓದಿ ತಿದ್ದುವುದು ನನ್ನ ಕೆಲಸ. ಇತ್ತೀಚೆಗೆ ನಿಜವಾದ ದೇಶನಾಯಕರ ಗೆಳೆತನದ ಮೇಲೆ ಬರೆಯುವವರು ಜಾಸ್ತಿ ಆಗಿದ್ದಾರೆ. ಹೆಚ್ಚಿನ ಸ್ಕ್ರಿಪ್ಟ್‌ಗಳಲ್ಲಿ ಒಂದೇ ತೊಂದರೆ. ಇಬ್ಬರು ದೊಡ್ಡ ಮನುಷ್ಯರು ಕೋಣೆಯಲ್ಲಿ ಕೂತು, ಕೈಯಲ್ಲೊಂದು ಗ್ಲಾಸ್ ಹಿಡಿದು, ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಮಾತಾಡುತ್ತಲೇ ಇರುತ್ತಾರೆ. ಹತ್ತು ಪುಟ ಮುಗಿದರೂ ಒಬ್ಬನಿಗೆ ಇನ್ನೊಬ್ಬನಿಂದ ಏನು ಬೇಕು ಅಂತ ಗೊತ್ತಾಗುವುದಿಲ್ಲ.

ನಾನು ಕೇಳುವುದು ಒಂದೇ ಹಾಳೆ. ಈ ದೃಶ್ಯ ನಡೆಯುವ ದಿನ ಯಾರ ಸಾಲ ಯಾರ ಮೇಲಿದೆ, ಅದನ್ನು ಬರೆದು ತನ್ನಿ. ನಾವು ನೀವು ಸ್ನೇಹಿತನ ಋಣ ತೀರಿಸುವುದು ಸ್ವಂತ ಜೇಬಿನಿಂದ. ನಾಯಕರು ತೀರಿಸುವುದು ದೇಶದ ಸೈನಿಕರಿಂದ, ದೇಶದ ಹಣದಿಂದ, ದೇಶದ ಮರ್ಯಾದೆಯಿಂದ. ನಾಟಕ ಇರುವುದೇ ಅಲ್ಲಿ.

ಬ್ರಿಟನ್ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಮತ್ತು ಅಮೆರಿಕ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಅವರನ್ನೇ ತೆಗೆದುಕೊಳ್ಳಿ. ಇವರ ಗೆಳೆತನದ ಮೇಲೆ ಪೀಟರ್ ಮಾರ್ಗನ್ ಬರೆದ ಸಿನಿಮಾ 'ದಿ ಸ್ಪೆಷಲ್ ರಿಲೇಷನ್‌ಶಿಪ್' 2010ರಲ್ಲಿ ಬಂತು. ಬ್ಲೇರ್ ಪಾತ್ರದಲ್ಲಿ ಮೈಕೆಲ್ ಶೀನ್, ಕ್ಲಿಂಟನ್ ಪಾತ್ರದಲ್ಲಿ ಡೆನಿಸ್ ಕ್ವೈಡ್. ಸಿನಿಮಾ ಬದಿಗಿಟ್ಟು ಬರೀ ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ, ಕಥೆ ತಾನೇ ಎದ್ದು ಕೂರುತ್ತದೆ. 1997ರ ಮೇನಲ್ಲಿ ಬ್ಲೇರ್ ಪ್ರಧಾನಿಯಾದಾಗ ಅವರಿಗೆ 43 ವರ್ಷ, ಕ್ಲಿಂಟನ್ ಆಗಲೇ ಎರಡನೇ ಅವಧಿಯಲ್ಲಿದ್ದರು. ಚುನಾವಣೆ ಗೆಲ್ಲುವ ಪಾಠವನ್ನು ಬ್ಲೇರ್ ಪಕ್ಷ ಕಲಿತದ್ದೇ ಕ್ಲಿಂಟನ್ ಕಡೆಯವರಿಂದ. ಅಂದರೆ ಮೊದಲ ಸಾಲ ಬ್ಲೇರ್ ತಲೆಯ ಮೇಲೆ. 1998ರ ಜನವರಿಯಲ್ಲಿ, ಶ್ವೇತಭವನದಲ್ಲಿ ಕೆಲಸ ಮಾಡಿದ್ದ ಮೋನಿಕಾ ಲೆವಿನ್‌ಸ್ಕಿ ಜೊತೆ ಕ್ಲಿಂಟನ್‌ಗಿದ್ದ ಸಂಬಂಧದ ಹಗರಣ ಸಿಡಿಯಿತು. ಫೆಬ್ರವರಿ ಮೊದಲ ವಾರದಲ್ಲೇ ಬ್ಲೇರ್ ವಾಷಿಂಗ್ಟನ್‌ಗೆ ಹೋಗಿ, ಪತ್ರಕರ್ತರ ಮುಂದೆ ಕ್ಲಿಂಟನ್ ಪಕ್ಕದಲ್ಲಿ ನಿಂತು, ಈತ ನನ್ನ ಸ್ನೇಹಿತ ಅಂತ ಬೆನ್ನಿಗೆ ನಿಂತರು. ಲೆಕ್ಕ ತಿರುಗಿತು. ಏಪ್ರಿಲ್ 10ಕ್ಕೆ ಉತ್ತರ ಐರ್ಲೆಂಡ್‌ನ ಶಾಂತಿಗಾಗಿ ಗುಡ್ ಫ್ರೈಡೇ ಒಪ್ಪಂದ ಆಯಿತು. ಅದರ ಹಿಂದಿನ ರಾತ್ರಿ ಕ್ಲಿಂಟನ್ ನಿದ್ದೆಗೆಟ್ಟು, ಮಾತುಕತೆಯಲ್ಲಿದ್ದ ನಾಯಕರಿಗೆ ಫೋನ್ ಮೇಲೆ ಫೋನ್ ಮಾಡಿದರು.

ಆಮೇಲೆ ಕೊಸೊವೊ, ಆಗ ಯುಗೊಸ್ಲಾವಿಯಾದೊಳಗಿದ್ದ ಪ್ರಾಂತ್ಯ. 1999ರ ಮಾರ್ಚ್ 24ರಂದು ಅಮೆರಿಕ, ಬ್ರಿಟನ್ ಎರಡೂ ಇರುವ ಸೇನಾಕೂಟ ನೇಟೊ ಯುಗೊಸ್ಲಾವಿಯಾ ಮೇಲೆ ಬಾಂಬ್ ಹಾಕಲು ಶುರು ಮಾಡಿತು. ನೆಲಸೇನೆ ಇಳಿಸಿ ಯುದ್ಧ ಮಾಡುವ ಉದ್ದೇಶ ಇಲ್ಲ ಎಂದು ಕ್ಲಿಂಟನ್ ಅದೇ ದಿನ ಟಿವಿಯಲ್ಲಿ ಹೇಳಿಬಿಟ್ಟರು. ವಾರಗಳು ಹೋದವು, ಯುಗೊಸ್ಲಾವಿಯಾದ ಅಧ್ಯಕ್ಷ ಮಿಲೊಸೆವಿಚ್ ಬಗ್ಗಲಿಲ್ಲ, ನೆಲಸೇನೆಯ ದಾರಿ ಮುಚ್ಚಬೇಡಿ ಅಂತ ಬ್ಲೇರ್ ಒತ್ತಾಯ. ಏಪ್ರಿಲ್ 22ರಂದು ಅವರು ಷಿಕಾಗೊದಲ್ಲಿ, ಅಂದರೆ ಕ್ಲಿಂಟನ್ ನಾಡಿಗೇ ಹೋಗಿ, ಇನ್ನೊಂದು ದೇಶದೊಳಗೆ ಸೇನೆ ನುಗ್ಗಿಸುವುದು ಯಾವಾಗ ಸರಿ ಎಂಬ ಬಗ್ಗೆ ಭಾಷಣ ಮಾಡಿದರು. ಯುದ್ಧಕ್ಕೆ ಹೊರಟ ವಿಮಾನಗಳಲ್ಲಿ ಬಹುಪಾಲು ಅಮೆರಿಕದವು, ಗಟ್ಟಿ ದನಿ ಮಾತ್ರ ಬ್ಲೇರ್ ಅವರದು. ಕ್ಲಿಂಟನ್‌ಗೆ ಸಿಟ್ಟು ಬರದೆ ಇರುತ್ತಾ? ಇಲ್ಲಿ ಯಾರನ್ನೂ ಖಳನಾಯಕ ಮಾಡಬೇಡಿ. ಇಬ್ಬರೂ ಸರಿಯಾಗೇ ಇದ್ದರು, ಇಬ್ಬರಿಗೂ ತಮ್ಮ ಮನೆಯಲ್ಲಿ ಉತ್ತರ ಕೊಡಬೇಕಿತ್ತು, ಅದಕ್ಕೇ ದೃಶ್ಯ ಬಿಸಿಯಾಗುತ್ತದೆ. 78 ದಿನಗಳ ನಂತರ ಬಾಂಬ್ ದಾಳಿ ನಿಂತಿತು.

ಒಂದು ಒಳಗುಟ್ಟು ಹೇಳುತ್ತೇನೆ. ಇವರಿಬ್ಬರ ಫೋನ್ ಮಾತುಕತೆಯ ದಾಖಲೆಗಳು 2016ರಲ್ಲಿ ಹೊರಬಂದವು, 500ಕ್ಕೂ ಜಾಸ್ತಿ ಪುಟ. ಅದನ್ನು ಸಂಭಾಷಣೆ ಕದಿಯಲು ಓದಬೇಡಿ. ನಗೆಚಾಟಿಕೆಯಿಂದ ಕೆಲಸದ ಮಾತಿಗೆ ಹೇಗೆ ಜಾರುತ್ತಾರೆ, ಯಾವ ವಿಷಯವನ್ನು ಇನ್ನೊಬ್ಬ ಎತ್ತಲಿ ಅಂತ ಕಾಯುತ್ತಾರೆ, ಅದನ್ನು ನೋಡಿ. ಇನ್ನೊಂದು ವಿಷಯ: ಆ ದಾಖಲೆ ಇದೆ ಅಂದರೆ ಫೋನಿನ ಆ ಕಡೆ ಯಾರೋ ಕೂತು ಬರೆದುಕೊಳ್ಳುತ್ತಿದ್ದರು ಅಂತ ಅರ್ಥ. ನೀವು ಬರೆದ 'ಗುಟ್ಟಿನ ಮಾತು' ನಿಜವಾಗಿ ಗುಟ್ಟಾಗಿ ಇರಲು ಸಾಧ್ಯವೇ ಇಲ್ಲ. ಬರೆದುಕೊಳ್ಳುವ ಆ ಸಿಬ್ಬಂದಿಯನ್ನು ಒಮ್ಮೆ ರಂಗದ ಮೇಲೆ ತಂದು ಕೂರಿಸಿ. ಅದೇ ಸಂಭಾಷಣೆ ಪೂರ್ತಿ ಬೇರೆ ಥರ ಕೇಳಿಸುತ್ತದೆ.

ಗೆಳೆತನ ಪರೀಕ್ಷೆಗೆ ಬೀಳುವುದು ಮೂರನೆಯವನು ಬಂದಾಗ. 1941ರ ಆಗಸ್ಟ್‌ನಲ್ಲಿ ಬ್ರಿಟನ್ ಪ್ರಧಾನಿ ಚರ್ಚಿಲ್ ಮತ್ತು ಅಮೆರಿಕ ಅಧ್ಯಕ್ಷ ರೂಸ್‌ವೆಲ್ಟ್ ಯುದ್ಧನೌಕೆಯ ಮೇಲೆ ಒಟ್ಟಿಗೆ ಕೂತು ಪ್ರಾರ್ಥನೆ ಹಾಡಿದ್ದರು, ಹಾಡುಗಳನ್ನು ಆರಿಸಿದ್ದು ಚರ್ಚಿಲ್. 1943ರಲ್ಲಿ ಇವರಿಬ್ಬರ ಜೊತೆ ಮಾತುಕತೆಗೆ ಟೆಹರಾನ್‌ಗೆ ಸೋವಿಯತ್ ನಾಯಕ ಸ್ಟಾಲಿನ್ ಬಂದರು. ಸ್ಟಾಲಿನ್‌ರನ್ನು ನಗಿಸಲು ತಾನು ಅವರ ಮುಂದೆಯೇ ಚರ್ಚಿಲ್‌ರನ್ನು ಗೇಲಿ ಮಾಡಿದೆ ಅಂತ ರೂಸ್‌ವೆಲ್ಟ್ ಆಮೇಲೆ ತಮ್ಮ ಸಚಿವೆ ಫ್ರಾನ್ಸಿಸ್ ಪರ್ಕಿನ್ಸ್ ಬಳಿ ಹೇಳಿಕೊಂಡರು. 1945ರ ಏಪ್ರಿಲ್‌ನಲ್ಲಿ ರೂಸ್‌ವೆಲ್ಟ್ ತೀರಿಕೊಂಡಾಗ ಚರ್ಚಿಲ್ ಅಂತ್ಯಕ್ರಿಯೆಗೆ ಹೋಗಲಿಲ್ಲ. ಯುದ್ಧದ ಕೆಲಸವೋ, ಮುನಿಸೋ, ಇತಿಹಾಸಕಾರರು ಇವತ್ತಿಗೂ ಜಗಳವಾಡುತ್ತಾರೆ. ನೀವು ತೀರ್ಪು ಕೊಡಲು ಹೋಗಬೇಡಿ, ನಟನಿಗೆ ಎರಡೂ ಕಾರಣ ಕೊಡಿ, ಸಾಕು.

ನಮ್ಮ ಕಡೆಯ ಕಥೆಯೂ ಇದೆಯಲ್ಲ. ವಿಜಯನಗರದ ಅಳಿಯ ರಾಮರಾಯನ ಮಗ ಸತ್ತಾಗ ಬಿಜಾಪುರದ ಅಲಿ ಆದಿಲ್ ಶಾ ಸಂತಾಪ ಹೇಳಲು ತಾನೇ ಬಂದ. ರಾಮರಾಯನ ಹೆಂಡತಿ ಅವನನ್ನು ಮಗನೆಂದೇ ಕರೆದಳು. ಆದರೆ ಹೊರಡುವಾಗ ರಾಮರಾಯ ಊರ ಹೊರಗಿನ ತನಕ ಬೀಳ್ಕೊಡಲು ಹೋಗಲಿಲ್ಲ, ಅಲಿ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡ ಅಂತ ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. 1565ರಲ್ಲಿ ಇಬ್ಬರೂ ರಣರಂಗದಲ್ಲಿ ಎದುರಾದರು. ಯುದ್ಧಕ್ಕೆ ಅದೊಂದೇ ಕಾರಣ ಅಂತ ಬರೆದರೆ ತಪ್ಪು. ಆದರೆ ಬೀಳ್ಕೊಡುಗೆಯ ಆ ದೃಶ್ಯ ಬರೆಯದಿದ್ದರೆ ಅದೂ ತಪ್ಪೇ.

ಕೊನೆ ಎಲ್ಲಿ ಮಾಡಬೇಕು ಅಂತ ತುಂಬಾ ಜನ ಕೇಳುತ್ತಾರೆ. ಮಾರ್ಗನ್ ಸಿನಿಮಾ ಬ್ಲೇರ್ ಮತ್ತು ಬುಷ್ ಸೇರಿ ಮಾಡಿದ ಇರಾಕ್ ಯುದ್ಧದ ತನಕ ಹೋಗುವುದೇ ಇಲ್ಲ, ಕ್ಲಿಂಟನ್ ಹೋಗಿ ಬುಷ್ ಬರುವಲ್ಲಿಗೆ ನಿಲ್ಲುತ್ತದೆ. ಜಾಣತನದ ಕೆಲಸ, ಮುಂದಿನದು ನೋಡುವವರಿಗೆ ಗೊತ್ತೇ ಇದೆ. ಅಂದಹಾಗೆ 2001ರ ಫೆಬ್ರವರಿಯಲ್ಲಿ ಅಮೆರಿಕ ಅಧ್ಯಕ್ಷರ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್‌ನಲ್ಲಿ ಬ್ಲೇರ್ ಮತ್ತು ಬುಷ್ ಭೇಟಿಯಾದರು; ನಿಮ್ಮಿಬ್ಬರಲ್ಲಿ ಸಮಾನವಾದದ್ದು ಏನು ಅಂತ ಪತ್ರಕರ್ತರು ಕೇಳಿದಾಗ ಬುಷ್, ನಾವಿಬ್ಬರೂ ಕೋಲ್ಗೇಟ್ ಟೂತ್‌ಪೇಸ್ಟ್ ಬಳಸುತ್ತೇವೆ ಎಂದರು. ಇದು ನಿಜವಾಗಿ ನಡೆದದ್ದು. ಯಾರಾದರೂ ಈ ಸಾಲನ್ನು ಸ್ಕ್ರಿಪ್ಟ್‌ನಲ್ಲಿ ಬರೆದು ತಂದಿದ್ದರೆ ನಾನು ಸುಮ್ನೆ ಕೆಂಪು ಪೆನ್ನು ತೆಗೆದು ಹೊಡೆದುಹಾಕುತ್ತಿದ್ದೆ.