ಬಿಲ್ ವಾಲ್ಶ್: ಮೊದಲೇ ಬರೆದಿಟ್ಟ 25 ಪ್ಲೇಗಳ ಹಿಂದಿನ ಲೆಕ್ಕ

ಬಿಲ್ ವಾಲ್ಶ್ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಆದದ್ದು 1979ರಲ್ಲಿ, 47ನೇ ವಯಸ್ಸಿಗೆ. ಆ ಸೀಸನ್‌ನ 16 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಮೂರನೇ ಸೀಸನ್‌ಗೆ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್‌ನಲ್ಲೇ ಗೆಲುವು. ಇದನ್ನು ಪವಾಡ ಎನ್ನುವವರು ಅವರು ಸಹಾಯಕ ಕೋಚ್ ಆಗಿ ದುಡಿದ ಕಾಲವನ್ನು ಗಮನಿಸಿರುವುದಿಲ್ಲ. ನನ್ನ ಪ್ರಕಾರ ಅವರ ವೃತ್ತಿಯಲ್ಲಿ ಎಲ್ಲಕ್ಕಿಂತ ಮುಖ್ಯ ವರ್ಷ 1970.

ಸಿನ್ಸಿನಾಟಿ ಬೆಂಗಾಲ್ಸ್‌ಗೆ ಆಗ ಮೂರನೇ ಸೀಸನ್. ಮುಖ್ಯ ಕೋಚ್ ಪಾಲ್ ಬ್ರೌನ್, ವಾಲ್ಶ್ ಅವರ ಸಹಾಯಕ. ದೂರದ ಎಸೆತಕ್ಕೆ ಹೆಸರಾಗಿದ್ದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಮುಖ್ಯ ಆಟಗಾರ) ಗ್ರೆಗ್ ಕುಕ್ ಭುಜದ ಪೆಟ್ಟಿನಿಂದ ಹೊರಗುಳಿದ. ಬದಲಿಗೆ ಬಂದ ವರ್ಜಿಲ್ ಕಾರ್ಟರ್ ತೋಳಿನಲ್ಲಿ ಅಷ್ಟು ಬಲವಿರಲಿಲ್ಲ, ಆದರೆ ಗುರಿ ಖಚಿತ. ನಾಲ್ಕು ಡೌನ್‌ಗಳಲ್ಲಿ, ಅಂದರೆ ನಾಲ್ಕು ಯತ್ನಗಳಲ್ಲಿ, 10 ಯಾರ್ಡ್ ದಾಟಿದರೆ ಚೆಂಡು ನಮ್ಮಲ್ಲೇ ಉಳಿಯುತ್ತದೆ. ಅಂದಮೇಲೆ 40 ಯಾರ್ಡ್ ಎಸೆಯಲೇಬೇಕೆಂದೇನಿಲ್ಲ. ವಾಲ್ಶ್ ಮೈದಾನದ 53 ಯಾರ್ಡ್ ಅಗಲವನ್ನು ಗಿಡ್ಡ ಎಸೆತಗಳಿಗೆ ಬಳಸಿಕೊಂಡರು. ಬೆಂಗಾಲ್ಸ್ ಆ ವರ್ಷ ಲೀಗ್‌ನಲ್ಲಿ ತನ್ನ ಗುಂಪಾದ ಡಿವಿಷನ್‌ ಗೆದ್ದಿತು.

ಇದರ ಜೀವಾಳ ಹೆಜ್ಜೆಗಳ ಲೆಕ್ಕ. ಕ್ವಾರ್ಟರ್‌ಬ್ಯಾಕ್ ಹಿಂದಕ್ಕೆ ಮೂರು ಹೆಜ್ಜೆ ಇಡುವ ಪ್ಲೇಗೆ (ಒಂದು ಯತ್ನಕ್ಕೆ ಮೊದಲೇ ಹೆಣೆದ ಯೋಜನೆಗೆ) ಎಸೆತ ಹಿಡಿಯುವ ರಿಸೀವರ್‌ಗಳ ಓಟವೇ ಬೇರೆ, ಐದು ಹೆಜ್ಜೆಯದಕ್ಕೆ ಬೇರೆ. ಐದನೇ ಹೆಜ್ಜೆ ಊರುವ ಹೊತ್ತಿಗೆ ಮೊದಲ ರಿಸೀವರ್ ತಿರುಗಿರಬೇಕು. ಅವನಿಗೆ ಕಾವಲಿದ್ದರೆ ಎರಡನೆಯವನು, ಅವನೂ ಆಗದಿದ್ದರೆ ಹತ್ತಿರದ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು. 10 ಯಾರ್ಡ್‌ಗೆ ತಿರುಗಬೇಕಾದವನು 12ಕ್ಕೆ ತಿರುಗಿದರೆ ಚೆಂಡು ಅವನಿಗಿಂತ ಮೊದಲೇ ಬಂದು ಎದುರಾಳಿಯ ಪಾಲಾಗುತ್ತದೆ. ಎಸೆತ ಬೆನ್ನ ಹಿಂದೆ ಬಿದ್ದರೆ ಹಿಡಿದವನು ಅಲ್ಲೇ ನಿಲ್ಲುತ್ತಾನೆ. ಎದೆಯ ಮಟ್ಟದಲ್ಲಿ, ತುಸು ಮುಂದಕ್ಕೆ ಬಂದರೆ ಓಟ ಮುರಿಯದೆ ಹಾಗೇ ಮುನ್ನುಗ್ಗುತ್ತಾನೆ.

ಆರಂಭದ ಪ್ಲೇಗಳನ್ನು ಮೊದಲೇ ಬರೆದಿಡುವುದೂ ಸಿನ್ಸಿನಾಟಿಯಲ್ಲೇ ಶುರುವಾಯಿತು, ನಾಲ್ಕೈದರಿಂದ. ಫಾರ್ಟಿನೈನರ್ಸ್ ಕಾಲಕ್ಕೆ ಪಟ್ಟಿ 25ಕ್ಕೆ ಬೆಳೆದಿತ್ತು. ಗದ್ದಲದ ನಡುವೆ, ಒತ್ತಡದಲ್ಲಿ ಮಾಡುವ ಆಯ್ಕೆಗಿಂತ ವಾರದ ಮಧ್ಯೆ ತಣ್ಣಗೆ ಕುಳಿತು ಮಾಡಿದ ಆಯ್ಕೆ ಮೇಲು ಎಂಬುದು ಒಂದು ಕಾರಣ. ಇನ್ನೊಂದು, ಬೇರೆ ಬೇರೆ ಫಾರ್ಮೇಶನ್‌ಗಳಿಗೆ (ಆಟಗಾರರು ನಿಲ್ಲುವ ಕ್ರಮಗಳಿಗೆ) ಎದುರಾಳಿ ರಕ್ಷಣೆ ಹೇಗೆ ಸರಿಯುತ್ತದೆ ಎಂದು ಬೇಗ ಗೊತ್ತಾಗುತ್ತದೆ. ಮೂರನೇ ಡೌನ್‌ಗೆ ದೂರ ಹೆಚ್ಚಿದ್ದರೆ ಅಥವಾ ಗೋಲ್ ಲೈನ್ ಹತ್ತಿರ ಬಂದರೆ ಪಟ್ಟಿ ಬದಿಗಿಟ್ಟು, ಆಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತಿದ್ದರು. ಪಟ್ಟಿಯನ್ನು ಕಣ್ಣುಮುಚ್ಚಿ ಪಾಲಿಸುವ ತಂಡಗಳು ಎಡವುವುದು ಇಲ್ಲೇ.

1976ರಲ್ಲಿ ಬ್ರೌನ್ ನಿವೃತ್ತರಾದಾಗ ಆ ಕುರ್ಚಿ ಸಿಕ್ಕಿದ್ದು ಬಿಲ್ ಜಾನ್ಸನ್‌ಗೆ. ಎಂಟು ವರ್ಷ ದುಡಿದ ವಾಲ್ಶ್ ನೊಂದು ಸ್ಯಾನ್ ಡಿಯಾಗೊ ತಂಡಕ್ಕೆ, ಅಲ್ಲಿಂದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡಕ್ಕೆ ಹೋದರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, 1979ರ ಮೂರನೇ ಸುತ್ತಿನಲ್ಲಿ ಫಾರ್ಟಿನೈನರ್ಸ್ ಆರಿಸಿಕೊಂಡ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾಗೆ ಈ ಹೆಜ್ಜೆಗಳು ಹೇಳಿ ಮಾಡಿಸಿದಂತಿದ್ದವು.

1989ರ ಜನವರಿಯ ಸೂಪರ್ ಬೌಲ್‌ನಲ್ಲಿ ಎದುರಾಳಿ ಅದೇ ಬೆಂಗಾಲ್ಸ್. ಮೂರು ಅಂಕ ಹಿಂದಿದ್ದ ಫಾರ್ಟಿನೈನರ್ಸ್ 92 ಯಾರ್ಡ್ ಸಾಗಿ, 34 ಸೆಕೆಂಡ್ ಉಳಿದಿದ್ದಾಗ ರಿಸೀವರ್ ಜಾನ್ ಟೇಲರ್‌ಗೆ ಕೊಟ್ಟ 10 ಯಾರ್ಡ್ ಎಸೆತದಿಂದ ಗೆದ್ದಿತು. ವಾಲ್ಶ್ ಅಲ್ಲಿಗೆ ಹುದ್ದೆ ಬಿಟ್ಟರು. ಮರುವರ್ಷ ಅವರ ಸಹಾಯಕರಾಗಿದ್ದ ಜಾರ್ಜ್ ಸೀಫರ್ಟ್ ಅದೇ ಪದ್ಧತಿಯಲ್ಲಿ ಮತ್ತೊಂದು ಸೂಪರ್ ಬೌಲ್ ಗೆದ್ದರು, 55-10ರಿಂದ.